ಐದೇ ನಿಮಿಷ ಆರಿಸಿ

ಹೊಸ ಕಂಪ್ಯೂಟರು ಬಂದ ದಿನ ಮಣ್ಣು ಪರೀಕ್ಷೆಯ ಗುಮಾಸ್ತ ಹಿಗ್ಗಿದ್ದೇ ತಪ್ಪಾಯಿತು. ಇಲಾಖೆಯ ವರ್ಗಾವಣೆ ಅರ್ಜಿ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವಂಥದ್ದು. ರಿಪೇರಿಯವನು ಬಂದು ಹೊಸದರ ಹೊಟ್ಟೆಯೊಳಗೆ ಹಳೆಯದೊಂದನ್ನು ಕೂರಿಸಿ, "ಇದಕ್ಕೆ ವರ್ಚುವಲ್ ಮಷೀನು ಅಂತಾರೆ ಸಾರ್. ಒಳಗಿರೋದು ಗೆಸ್ಟು, ಹೊರಗಿರೋದು ಮನೆಯೋರು ಅಂದ್ಕೊಳ್ಳಿ" ಎಂದು ಹೇಳಿ ಹೋಗಿದ್ದ. ಅರ್ಜಿಗೆ ಇಂದೇ ಕಡೆಯ ದಿನ, ಸಂಜೆ ಐದರವರೆಗೆ ಮಾತ್ರ. ಬೆಳಿಗ್ಗೆ ಹಚ್ಚಿ ನೋಡಿದರೆ ಮನೆಯವರಿಗೆ ನೆಟ್ ಇತ್ತು, ಗೆಸ್ಟಿಗೆ ಇರಲಿಲ್ಲ.

ರೈತರ ಬಾಯಲ್ಲಿ ಅವನು ಮಣ್ಣಣ್ಣ. ಗೋಡೆಯಾಚೆ ಬೀಜ ಪರೀಕ್ಷಿಸುವವಳು ಬೀಜಕ್ಕ. ಮೂರು ವರ್ಷದ ಹಿಂದೆ ಅವಳು ಮೊಳಕೆ ಎಣಿಸಲು ಇಟ್ಟಿದ್ದ ತಟ್ಟೆಯನ್ನು ಇವನು ಕಸವೆಂದು ಹಿತ್ತಲಿಗೆ ಚೆಲ್ಲಿದ್ದ. 'ತಪ್ಪಾಯಿತು' ಎಂದು ನಾಳೆ ಹೇಳೋಣವೆಂದುಕೊಂಡ, ಆ ನಾಳೆ ಬರಲೇ ಇಲ್ಲ. ಅಂದಿನಿಂದ ಮಣ್ಣಿಗೂ ಬೀಜಕ್ಕೂ ಮಾತಿಲ್ಲ. ವರಾಂಡದಲ್ಲಿ ಎದುರಾದರೆ ಇಬ್ಬರೂ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. ಆ ಮೌನ ಸಾಕಾಗಿ, ಯಾರಿಗೂ ಹೇಳದೆ ಅವನು ವರ್ಗ ಕೇಳಲು ಹೊರಟಿದ್ದ.

ರಿಪೇರಿಯವನು ಫೋನಿನಲ್ಲಿ, "ಸೆಟ್ಟಿಂಗಲ್ಲಿ ಬ್ರಿಡ್ಜ್ ಅಂತಿದೆ ನೋಡಿ, ಗೆಸ್ಟಿಗೆ ನೆಟ್ ದಾಟಿಸೋ ಸೇತುವೆ, ಒತ್ತಿ" ಎಂದ. ಒತ್ತಿದ ಕೂಡಲೆ ನೆಟ್ ಬಂತು. ಹೆಸರು ಬರೆದು ಹುಟ್ಟಿದ ತಾರೀಕಿಗೆ ಕೈಯಿಡುವಷ್ಟರಲ್ಲಿ ಹೋಯಿತು. ಅದೇ ಗಳಿಗೆಗೆ ಗೋಡೆಯಾಚೆಯಿಂದ "ಬಂತು!" ಎಂಬ ಕೂಗು.

ಗೆಸ್ಟನ್ನು ಆರಿಸಿ ಮತ್ತೆ ಹಚ್ಚಿದ. ಬಂತು. ಆಚೆಯಿಂದ, "ಅಯ್ಯೋ, ಹೋಯ್ತಲ್ಲಪ್ಪಾ!"

"ಅಣಕಿಸ್ತಾಳೆ" ಎಂದು ಅವನು ಹಲ್ಲು ಕಡಿದ. ಗೋಡೆಯಲ್ಲಿ ತೂತೇನಾದರೂ ಇದೆಯೇ ಎಂದು ಎದ್ದು ಹೋಗಿ ತಡವಿಯೂ ನೋಡಿದ.

ಮಣ್ಣಿನ ಚೀಲ ಹಿಡಿದು ಬಂದಿದ್ದ ರೈತನೊಬ್ಬ ಇದನ್ನೆಲ್ಲ ಮರುಕದಿಂದ ನೋಡುತ್ತಿದ್ದ. "ನಮ್ಮ ಪಂಪೂ ಹೀಗೇ ಅಣ್ಣಾ, ಬರುತ್ತೆ, ನಿಲ್ಲುತ್ತೆ. ಪೈಪಲ್ಲಿ ಗಾಳಿ ಸೇರ್ಕೊಂಡಿರುತ್ತೆ" ಎಂದವನೇ ವೈರು ಕಿತ್ತು, ಚೀಲದ ಧೂಳು ಮೆತ್ತಿದ್ದ ಕೈಯಲ್ಲಿ ತುದಿ ಹಿಡಿದು ಫೂ ಎಂದು ಊದಿದ. ಈಗ ಮನೆಯವರಿಗೂ ನೆಟ್ ಹೋಯಿತು. ಬೆಂಕಿಕಡ್ಡಿಯಿಂದ ಮಣ್ಣು ಕೆರೆದು ಸರಿಮಾಡುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಆಮೇಲೂ ಅದೇ ಆಟ. ಇವನಿಗೆ ಬಂದರೆ ಆಚೆ ನಿಟ್ಟುಸಿರು, ಇವನಿಗೆ ಹೋದರೆ ಆಚೆ ಸಂತೋಷ. ನಾಲ್ಕು ಮುಕ್ಕಾಲಿಗೆ ರಿಪೇರಿಯವನೇ ಫೋನು ಮಾಡಿದ.

"ಸಾರ್, ತಪ್ಪು ನಂದೇ. ನಿಮ್ಮ ಗೆಸ್ಟನ್ನೇ ಪಕ್ಕದ ರೂಮಿಗೂ ಕಾಪಿ ಹೊಡೆದಿದ್ದೆ. ನೆಟ್ಟಿನಲ್ಲಿ ಎರಡಕ್ಕೂ ಒಂದೇ ವಿಳಾಸ ಆಗ್ಬಿಟ್ಟಿದೆ, ಒಂದನ್ನೊಂದು ತಳ್ತಿವೆ. ಒಬ್ಬರು ಆರಿಸಿದ್ರೆ ಇನ್ನೊಬ್ಬರಿಗೆ ನೆಟ್ ಹೋಗದೆ ಇರುತ್ತೆ. ಅವರಿಗೂ ಹೇಳಿದ್ದೀನಿ."

ಫೋನಿಡುವುದರೊಳಗೆ ಮುದಿ ಜವಾನ ಬಾಗಿಲಲ್ಲಿದ್ದ. "ಮಣ್ಣಣ್ಣ, ಐದೇ ನಿಮಿಷ ನಿಮ್ಮದು ಆರಿಸ್ಬೇಕಂತೆ. ಅಕ್ಕ ಕೇಳ್ತಿದ್ದಾರೆ."

ಸ್ವಿಚ್ಚಿನತ್ತ ಹೋದ ಕೈ ಅರ್ಧದಲ್ಲಿ ನಿಂತಿತು. "ಮೊದಲು ಅವರು ಆರಿಸಲಿ ಅನ್ನು, ತಾತ."

ಜವಾನ ಹೋದ, ಬಂದ. "ಮೊದಲು ಕೇಳಿದ್ದು ನಾನು, ಅಂತಾರೆ."

"ಮೊದಲು ಗೆಸ್ಟು ಬಂದಿದ್ದು ನನ್ನ ರೂಮಿಗೆ ಅನ್ನು."

ತಾತನ ಮಂಡಿ ನೋವಿನದು. ಒಂದೊಂದು ಮಾತು ಆಚೆ ತಲುಪಲು ಎರಡೆರಡು ನಿಮಿಷ. ನಾಲ್ಕನೆಯ ಸಲ ಅವನು ಬಂದು ಕುರ್ಚಿ ಹಿಡಿದು ನಿಂತಾಗ ಐದು ದಾಟಿತ್ತು.

"ಅಕ್ಕ ಅಳ್ತಾ ಕೂತಿದ್ದಾರೆ" ಎಂದ.

ಮಣ್ಣಣ್ಣನಿಗೆ ಕಸಿವಿಸಿಯಾಯಿತು. "ಅವರಿಗೇನಿತ್ತು ಅಂಥ ಅವಸರ?"

"ಅವರದೂ ವರ್ಗದ ಅರ್ಜಿ. ಮಾತಿಲ್ಲ ಕತೆಯಿಲ್ಲ, ಪಕ್ಕದ ರೂಮಿನೋರ ಮುಖ ನೋಡೋಕಾಗಲ್ಲ ತಾತ, ಎಲ್ಲಿಗಾದ್ರೂ ಹೋಗ್ಬಿಡ್ತೀನಿ, ಅಂತಿದ್ದರು."

"ಮೊದಲೇ ಹೇಳಬಾರದಿತ್ತಾ!"

"ನೀವು ಕೇಳಿದ್ದು ಯಾರು ಮೊದಲು ಆರಿಸೋದು ಅಂತ. ಅದನ್ನ ಮಾತ್ರ ಹೇಳ್ದೆ."

ಅವನು ಎದ್ದ. ಬಾಗಿಲವರೆಗೆ ಹೋಗಿ ಮರಳಿ ಬಂದು ಕೂತ. ಆಚೆ ಸ್ವಿಚ್ಚು ಆರಿದ ಸದ್ದು, ಬೀಗ ಹಾಕಿದ ಸದ್ದು, ಮೆಟ್ಟಿಲಿಳಿದ ಚಪ್ಪಲಿಯ ಸದ್ದು.

ಗೆಸ್ಟಿಗೆ ನೆಟ್ ಬಂತು. ಒಂದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಬಂಡೆಯಂತೆ ನಿಂತೇ ಇತ್ತು. ಪರದೆಯ ಮೇಲೆ ಅರ್ಜಿಯ ಪುಟ ನಿಧಾನವಾಗಿ ಬಿಚ್ಚಿಕೊಂಡಿತು: ಈ ವರ್ಷದ ಅವಧಿ ಮುಗಿದಿದೆ.