ಸೊಗಲದ ಧಬಧಬಿಗೆ ನಾವು ಹೊರಟದ್ದು

ಊರೂರು ತಿರುಗುವವರ ಮನೆಯಲ್ಲಿ ಹೋಗಿ ಬಂದ ಕತೆಗಳಿರುತ್ತವೆ. ನಮ್ಮ ಮನೆಯಲ್ಲಿದ್ದವೆಲ್ಲ ಹೊರಟೂ ಹೋಗದಿದ್ದ ಕತೆಗಳು. ವರ್ಷಕ್ಕೊಂದು ತಪ್ಪದೆ ಸೇರುತ್ತಿತ್ತು.

ಊರಿಗೆ ಇನ್ನೂ ಮೋಟಾರು ಬಾರದ ಕಾಲ. ನಾನು ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಮಾಸ್ತರ. ಅಪ್ಪ ಜೋಯಿಸರು. ಮದುವೆ, ಮುಂಜಿ, ಬಾವಿ ತೋಡುವುದು, ಎತ್ತು ಕೊಳ್ಳುವುದು, ಎಲ್ಲಕ್ಕೂ ಊರಿಗೆ ಮುಹೂರ್ತ ಹೇಳುವವರು. ಅವ್ವನಿಗಿದ್ದ ಆಸೆ ಒಂದೇ. ಸೊಗಲದ ಸೋಮೇಶ್ವರನ ಗುಡಿಯ ಹತ್ತಿರ ಗುಡ್ಡದ ಮೇಲಿಂದ ನೀರು ಬೀಳುತ್ತದಲ್ಲ, ನಮ್ಮ ಕಡೆ ಧಬಧಬಿ ಎನ್ನುತ್ತೇವೆ, ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಊರಿಂದ ಮೂಡಲಿಗೆ ನಾಲ್ಕು ಹರದಾರಿಯೂ ಇಲ್ಲ. ಕೋಳಿ ಕೂಗುವಾಗ ಗಾಡಿ ಹೂಡಿದರೆ ಬಿಸಿಲೇರುವುದರೊಳಗೆ ಮುಟ್ಟಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದು ಬೀಳಬಹುದು. ಓಣಿಯ ಹೆಂಗಸರೆಲ್ಲ ನೋಡಿ ಬಂದಿದ್ದರು. ಅವ್ವ ಲಗ್ನವಾಗಿ ಈ ಊರಿಗೆ ಬಂದು ಮೂವತ್ತು ವರ್ಷವಾದರೂ ನೋಡಿರಲಿಲ್ಲ. ಮಳೆ ನಿಂತರೆ ನೀರೂ ಸೊರಗುತ್ತದೆ. ಹಾಗಾಗಿ ಶ್ರಾವಣ ಬಂತೆಂದರೆ ಅವ್ವ ಅಪ್ಪನ ಮುಖ ನೋಡಲು ಶುರುಮಾಡುವಳು, ಅಪ್ಪ ಪಂಚಾಂಗದ ಮುಖ ನೋಡಲು ಶುರುಮಾಡುವರು.

೧. ಏಳು ವಾರ

ಮೊದಲ ವರ್ಷ ಮಾತು ತೆಗೆದವನು ನಾನೇ. ಅಪ್ಪ ಬೇಡ ಎನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಎಂದವರಲ್ಲ. ಮೂಗಿಗೆ ಚಾಳೀಸು ಏರಿಸಿ ಪಂಚಾಂಗ ಬಿಚ್ಚುವರು, ಅಷ್ಟೇ.

"ಸೋಮವಾರ?" ಎಂದಳು ಅವ್ವ.

"ಸೋಮವಾರ ಮೂಡಲಕ್ಕ ಶೂಲಿ ಅದ, ಆ ದಿಕ್ಕಿಗೆ ಹೆಜ್ಜಿ ಇಡಬಾರದು. ಅಲ್ಲದ ಸೋಮವಾರ ಯಾವ ಒಕ್ಕಲಿಗ ಎತ್ತು ಹೂಡ್ತಾನ?"

ಅದು ನಿಜ. ಬಸವಣ್ಣನ ವಾರವೆಂದು ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

"ಮಂಗಳವಾರ?"

"ಮಂಗಳವಾರ ಮನಿ ಬಿಟ್ಟು ಹೊರಡೂದುಂಟೇನು?"

ಗುರುವಾರ ಅವ್ವನದೇ ಉಪವಾಸ. ಶನಿವಾರ ಮತ್ತೆ ಮೂಡಲಕ್ಕೆ ಶೂಲಿ. ಶುಕ್ರವಾರ ಪಡುವಲಕ್ಕೆ ಶೂಲಿ. ನಾವು ಹೋಗುವುದು ಮೂಡಲಕ್ಕಲ್ಲವೇ ಎಂದು ನಾನು ಕೇಳಿದ್ದಕ್ಕೆ ಅಪ್ಪ ಚಾಳೀಸಿನ ಮೇಲಿಂದ ನೋಡಿ, "ಹೋದಾವರು ತಿರುಗಿ ಬರೂದು ಯಾವ ದಿಕ್ಕಿಗೆ ಮಾಸ್ತರ?" ಎಂದರು. ಬುಧವಾರಕ್ಕೆ ಶಾಸ್ತ್ರದ ಅಡ್ಡಿ ಇರಲಿಲ್ಲ, ನನ್ನ ಸಾಲೆಯ ಅಡ್ಡಿ ಇತ್ತು. ನಾನಿಲ್ಲದೆ ಅಪ್ಪ ಅವ್ವನನ್ನು ಕರೆದುಕೊಂಡು ಹೊರಡುವವರಲ್ಲ.

ಉಳಿದದ್ದು ಆದಿತ್ಯವಾರ. ಸಾಲೆಗೆ ಸೂಟಿ, ಮೂಡಲ ದಿಕ್ಕು ಶುದ್ಧ. ಅವ್ವನ ಮುಖ ಅರಳಿತು. ಅಪ್ಪ ಹಾಳೆ ಮಗುಚಿ ಅಂದರು: "ಆದಿತ್ಯವಾರ ಹೋಗ್ಲಿಕ್ಕೆ ಏನೂ ಅಡ್ಡಿಯಿಲ್ಲ. ತಿರುಗಿ ಬರ್ಲಿಕ್ಕೆ ಬರೂದಿಲ್ಲ."

ಅವ್ವ ಬೆರಳು ಮಡಿಸಿ ವಾರ ಎಣಿಸಿದಳು. "ಭಾಳ ಛಲೋ ಆತು. ಆದಿತ್ಯವಾರ ಹೋಗ್ತೀನಿ, ಬುಧವಾರ ಬರ್ತೀನಿ. ಅಲ್ಲೀತನಕ ಅನ್ನ ನೀವು ಮಾಡ್ಕೊಂಡು ಉಣ್ರಿ."

ಅಪ್ಪ ಪಂಚಾಂಗ ಮುಚ್ಚಿದರು. ಆ ವರ್ಷ ಮತ್ತೆ ಯಾರೂ ಅದನ್ನು ತೆರೆಯಲಿಲ್ಲ.

೨. ಸೀನು

ಮರುವರ್ಷ ದೇವರು ಕಣ್ಣು ಬಿಟ್ಟ. ಸರಕಾರದ ಯಾವುದೋ ಸೂಟಿ ಬುಧವಾರ ಬಿತ್ತು. ನಮ್ಮ ಓಣಿಯ ತುದಿಯ ಒಕ್ಕಲಿಗ, ನಾನು ಗಾಡಿ ಕಾಕಾ ಎಂದು ಕರೆಯುತ್ತಿದ್ದವನು, ಅವ್ವನಿಗೆ ಬಾಯಾರು ಎನ್ನುವವನು, ಬೆಳಕು ಹರಿಯುವ ಮೊದಲೇ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಗಾಡಿಯಲ್ಲಿ ಮೇವು ಹಾಸಿ, ಮೇಲೆ ಕಂಬಳಿ ಹಾಸಿದ್ದ. ಅವ್ವ ಹಾಲಿನಲ್ಲಿ ಹಿಟ್ಟು ನಾದಿ ದಶಮಿ ರೊಟ್ಟಿ ಸುಟ್ಟು ಬುತ್ತಿ ಕಟ್ಟಿದ್ದಳು. ಅವಳು ಗಾಡಿ ಹತ್ತಿ ಕೂತೂ ಆಯಿತು.

ಅಪ್ಪ ಹೊಸ್ತಿಲು ದಾಟಿದವರೇ ಸೀನಿದರು.

ಸೀನಿದರೆ ಒಳಗೆ ಬರಬೇಕು, ಕಾಲು ತೊಳೆಯಬೇಕು, ಒಂದು ಗುಟುಕು ನೀರು ಕುಡಿದು ತುಸು ಕೂತು ಮತ್ತೆ ಹೊರಡಬೇಕು. ಅಪ್ಪ ಹಾಗೆಯೇ ಮಾಡಿದರು. ಸುಮ್ಮನೆ ಕೂರುವುದು ಹೇಗೆಂದು ಒಂದು ಚಿಟಿಕೆ ನಶ್ಯ ಏರಿಸಿದರು. ಎದ್ದು ಹೊಸ್ತಿಲಿಗೆ ಬಂದರು. ಸೀನಿದರು.

ಮತ್ತೆ ಕಾಲು ತೊಳೆದು ನೀರು ಕುಡಿದು ಕೂತರು. ಶಕುನ ಯಾಕೆ ಹೀಗಾಗುತ್ತಿದೆ ಎಂಬ ಚಿಂತೆಗೆ ಇನ್ನೊಂದು ಚಿಟಿಕೆ. ನಾಲ್ಕನೆಯ ಸಲಕ್ಕೆ ನನಗೆ ಗುಟ್ಟು ತಿಳಿಯಿತು, ಆದರೆ ಅಪ್ಪನ ಮುಂದೆ ನಶ್ಯದ ಮಾತೆತ್ತುವ ಧೈರ್ಯ ನನಗೆಲ್ಲಿಂದ ಬರಬೇಕು? ಆರನೆಯ ಸಲಕ್ಕೆ ಗಾಡಿ ಕಾಕಾ ಕಟ್ಟೆಯ ಮೇಲೆ ಒರಗಿ ನಿದ್ದೆ ಹೋದ. ಅವ್ವ ಮಾತ್ರ ಗಾಡಿಯಿಂದ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲಿಕ್ಕಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಿಸಿಲು ನೆತ್ತಿಗೆ ಬಂತು, ಬುಧವಾರದ ರಾಹುಕಾಲ ಶುರುವಾಯಿತು.

ಎತ್ತುಗಳಿಗೆ ರಾಹುಕಾಲ ತಿಳಿಯದು, ಹಸಿವು ತಿಳಿಯುತ್ತದೆ. ಅವು ತಾವಾಗಿಯೇ ಹೊರಟವು. ನಾನು ಕೂಗಿ ಕಾಕಾನನ್ನು ಎಬ್ಬಿಸುವುದರೊಳಗೆ ಗಾಡಿ ಓಣಿ ತಿರುಗಿ, ಕಾಕಾನ ಮನೆಯ ಗೋದಲಿಯ ಮುಂದೆ ಹೋಗಿ ನಿಂತಿತ್ತು. ಎತ್ತು ಮೇವಿಗೆ ಬಾಯಿ ಹಾಕಿದ್ದವು. ಅವ್ವ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು.

"ಏನಽ ಅನ್ರಿ, ಬಾಯಾರು ಇವತ್ತ ಹೊಂಟದ್ದಂತೂ ಖರೆ" ಎಂದ ಕಾಕಾ.

೩. ಉಡಿ

ಮೂರನೆಯ ವರ್ಷ ಅಪ್ಪ ಯಾವ ಸೀನಿಗೂ ಜಗ್ಗದ ಉಪಾಯ ತೆಗೆದರು. ಅದರ ಹೆಸರು ಪ್ರಸ್ಥಾನ. ಹೊರಡುವ ದಿನ ಮುಹೂರ್ತ ಇಲ್ಲದಿದ್ದರೆ, ಮುಹೂರ್ತ ಇದ್ದ ದಿನವೇ ಹೋಗುವವರ ಬಟ್ಟೆಬರೆಯ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೋಯಿತೆಂದರೆ ಆಸಾಮಿ ಹೊರಟಂತೆ. ಆಮೇಲೆ ಹೋಗುವಾಗ ದಾರಿಯಲ್ಲಿ ಗಂಟನ್ನು ಎತ್ತಿಕೊಂಡರಾಯಿತು.

ಅವ್ವ ತನ್ನ ಇಳಕಲ್ಲ ಸೀರೆ ಮಡಿಸಿಟ್ಟಳು. ಅಪ್ಪ ಅದರೊಳಗೆ ಒಂದು ಸೇರು ಅಕ್ಕಿ, ತೆಂಗಿನಕಾಯಿ, ಅಡಿಕೆ, ಅರಿಷಿಣದ ಕೊಂಬು ಇಟ್ಟು ಗಂಟು ಕಟ್ಟಿದರು. ಮುಹೂರ್ತ ಕೆಡಬಾರದೆಂದು ದಾರಿಯುದ್ದಕ್ಕೂ ಮೌನ. ಕಾಕಾನ ಮನೆಗೆ ಹೋಗಿ, ಅವನ ಹೆಂಡತಿಯ ಕೈಗೆ ಗಂಟು ಕೊಟ್ಟು, ಒಂದು ಮಾತೂ ಆಡದೆ ತಿರುಗಿ ಬಂದರು.

ಆಕೆಯ ಸೊಸೆಗೆ ಆಗ ಏಳು ತಿಂಗಳು. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕುಬಸದ ಕಾರ್ಯ ಹತ್ತಿರ ಬಂದಿತ್ತು. ಅಂಥ ಮನೆಗೆ ಜೋಯಿಸರು ತಾವೇ ನಡೆದು ಬಂದು ಸೀರೆ, ಅಕ್ಕಿ, ಕಾಯಿ, ಅರಿಷಿಣ ಕೊಟ್ಟು ಹೋದರೆ ಆಕೆ ಏನೆಂದು ತಿಳಿಯಬೇಕು? ಆಕೆಯ ಜಾಗದಲ್ಲಿ ನಾನಿದ್ದರೂ ಉಡಿ ಎಂದೇ ತಿಳಿಯುತ್ತಿದ್ದೆ.

ಎರಡು ದಿನದ ಮೇಲೆ ಸೊಸೆ ಅವ್ವನ ಇಳಕಲ್ಲ ಸೀರೆ ಉಟ್ಟು, ಹೂ ಮುಡಿದು ನಮ್ಮ ಮನೆಗೆ ಬಂದಳು. ಹಿಂದೆ ಅತ್ತೆ. "ಬಾಯಾರ, ಹಡೆದ ತಾಯಿನೂ ಇಷ್ಟ ಮಾಡೂದಿಲ್ಲರಿ. ನಮ್ಮ ಹುಡುಗೀಗೆ ಆಶೀರ್ವಾದ ಮಾಡ್ರಿ" ಎಂದು ಸೊಸೆಯನ್ನು ಅವ್ವನ ಕಾಲಿಗೆ ಬೀಳಿಸಿದಳು. ಅಪ್ಪ ಬಾಯಿ ತೆರೆದರು. ಅವ್ವ ಅವರನ್ನು ಒಮ್ಮೆ ದಿಟ್ಟಿಸಿದಳು, ಅಪ್ಪ ಬಾಯಿ ಮುಚ್ಚಿದರು. ಅವ್ವ ಹುಡುಗಿಯ ಗಲ್ಲ ಸವರಿ, ಸೀರೆ ಭಾಳ ಒಪ್ಪುತ್ತದೆ ಎಂದು ಹೇಳಿ, ಕುಂಕುಮ ಹಚ್ಚಿ ಕಳಿಸಿದಳು.

ಅವರು ಹೋದ ಮೇಲೆ ಅಪ್ಪ, "ಪ್ರಸ್ಥಾನ ಕೆಟ್ಟಿತು. ಈ ವರ್ಷ ಹೊರಡಬಾರದು" ಎಂದರು.

"ಸೀರಿ ಹೋತು, ಅಕ್ಕಿ ಹೋತು, ಕಾಯಿ ಹೋತು" ಎಂದಳು ಅವ್ವ. "ಮನ್ಯಾಗಿನ ಸಾಮಾನೆಲ್ಲಾ ಹೊರಟು ಹೋತು. ನಾ ಒಬ್ಬಾಕಿ ಇಲ್ಲೇ ಇದ್ದೀನಿ."

೪. ಗಂಟು

ನಾಲ್ಕನೆಯ ವರ್ಷ ಮತ್ತೊಂದು ಬುಧವಾರದ ಸೂಟಿ. ಸೀನು ಅಡ್ಡ ಬಂದೀತೆಂದು ಅಪ್ಪ ಮತ್ತೆ ಪ್ರಸ್ಥಾನ ಕಟ್ಟಿದರು. ಈ ಸಲ ಅಕ್ಕಿ ಕಾಯಿ ಇಲ್ಲ, ಬರೀ ಒಂದು ಹಳೆಯ ಸೀರೆ. ಮೌನವೂ ಇಲ್ಲ. ಗಾಡಿ ಕಾಕಾನನ್ನು ಕೂರಿಸಿಕೊಂಡು ಸಾಲೆಯ ಹುಡುಗರಿಗೆ ಹೇಳುವಂತೆ ಬಿಡಿಸಿ ಹೇಳಿದರು.

"ಇದು ಉಡಿ ಅಲ್ಲ. ಇದನ್ನ ಗಂಟು ಅಂತನೂ ತಿಳೀಬ್ಯಾಡ. ಸಾಕ್ಷಾತ್ ನಮ್ಮ ಮನಿಯಾಕಿ ಬಂದು ನಿಮ್ಮ ಮನ್ಯಾಗ ಕೂತಾಳ ಅಂತ ತಿಳಿ. ಇದು ಹೋದ್ರ ಆಕಿ ಹೋದಂಗ. ತಿಳೀತೇನು?"

"ತಿಳೀತ್ರಿ ಜೋಯಿಸರ" ಎಂದ ಕಾಕಾ. ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ.

ಮಂಗಳವಾರ ಮಧ್ಯಾಹ್ನ ಟಪಾಲಿನವನು ಕಿತ್ತೂರಿನ ದಾಯಾದಿಗಳ ಕಾರ್ಡು ತಂದುಕೊಟ್ಟ. ಅವರ ಮನೆಯಲ್ಲಿ ಗಂಡು ಕೂಸು ಹುಟ್ಟಿತ್ತು. ದಾಯಾದಿಗಳಲ್ಲಿ ಕೂಸು ಹುಟ್ಟಿದರೆ ನಮಗೂ ಹತ್ತು ದಿನ ವೃದ್ಧಿಯ ಮೈಲಿಗೆ. ಗುಡಿಯ ಕಡೆ ಹೋಗುವಂತಿಲ್ಲ. ಅವ್ವ ದಶಮಿಯ ಹಿಟ್ಟು ನಾದುತ್ತಿದ್ದವಳು ಕೈ ತೊಳೆದುಕೊಂಡಳು. ಅಷ್ಟು ಒಳ್ಳೆಯ ಸುದ್ದಿ ನಮ್ಮ ಮನೆಯನ್ನು ಅಷ್ಟು ಬೇಸರಕ್ಕೆ ಕೆಡವಿದ್ದು ಅದೊಂದೇ ಸಲ. ಸಂಜೆ ನಾನು ಕಾಕಾನ ಮನೆಗೆ ಹೋಗಿ, ಅವ್ವ ಬರುವುದಿಲ್ಲ ಎಂದು ಹೇಳಿದೆ.

"ನೀವೇನೂ ಚಿಂತಿ ಮಾಡಬ್ಯಾಡ್ರಿ ಮಾಸ್ತರ್ರ. ನಾ ಅದೀನಲ್ಲರಿ" ಎಂದ. ಯಾವ ಚಿಂತೆ ಎಂದು ನಾನೂ ಕೇಳಲಿಲ್ಲ.

ಬುಧವಾರ ದೀಪ ಹಚ್ಚುವ ಹೊತ್ತಿಗೆ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಕಾಕಾ ಇಳಿದ, ಅವನ ಹೆಂಡತಿ ಇಳಿದಳು. ಇಬ್ಬರೂ ಸೇರಿ ನೀರು ಸೋರುವ ಗಂಟನ್ನು ಜೋಪಾನವಾಗಿ ಇಳಿಸಿ, ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದರು.

"ಬಾಯಾರನ್ನ ಸೊಗಲಕ್ಕ ಕರಕೊಂಡು ಹೋಗಿ ಬಂದೇನ್ರಿ ಜೋಯಿಸರ" ಎಂದ ಕಾಕಾ. "ದಾರ್‍ಯಾಗ ಬಿಸಲ ಭಾಳ ಇತ್ತು, ಛತ್ರಿ ಹಿಡದಿದ್ವಿ. ಧಬಧಬಿ ಕೆಳಗ ನಮ್ಮಾಕಿ ಜಳಕಾ ಮಾಡಿಸಿದ್ಲು. ನಾ ಆಕಡೆ ಮಾರಿ ತಿರುವಿಕೊಂಡು ನಿಂತಿದ್ನಿರಿ."

ಅಪ್ಪನ ಮುಖ ಬಿಳಿಚಿತು. "ಗುಡಿಯೊಳಗ ಒಯ್ದಿಯೇನು?"

"ಅಷ್ಟ ದೂರ ಹೋಗಿ ದೇವರ ದರ್ಶನ ಮಾಡಿಸದ ಕರಕೊಂಡು ಬರಾಕ ಆಗತೈತೇನ್ರಿ? ಮೂರು ಸುತ್ತ ಹಾಕಿಸೇನಿ."

ಅಪ್ಪ ಕಂಬಕ್ಕೆ ಒರಗಿದರು. ಗಂಟು ಹೋದದ್ದು ಅವ್ವ ಹೋದಂತೆಯೇ ಆದರೆ, ಅವ್ವ ವೃದ್ಧಿಯಲ್ಲಿ ಗುಡಿ ಹೊಕ್ಕಿದ್ದಾಳೆ. ಹೊಕ್ಕಿಲ್ಲವೆಂದರೆ ಪ್ರಸ್ಥಾನದ ಶಾಸ್ತ್ರವೇ ಸುಳ್ಳು. ಆ ಸಂಜೆ ಎಷ್ಟು ಪುಸ್ತಕ ಬಿಚ್ಚಿ ನೋಡಿದರೂ ಇದಕ್ಕೆ ಪರಿಹಾರ ಸಿಗಲಿಲ್ಲ. ಕಡೆಗೆ ಕಾಕಾನನ್ನೇ ಕರೆದು, "ಹೊಸ್ತಿಲ ಹೊರಗಿಂದ ಸುತ್ತು ಹಾಕಿಸೀನಿ ಅಂತ ಹೇಳಿಬಿಡು ಮಾರಾಯಾ" ಎಂದು ಬೇಡಿಕೊಂಡರು.

೫. ಅವ್ವ

ಆ ದಿನ ನಾವು ನಕ್ಕೆವು, ಅವ್ವ ನಗಲಿಲ್ಲ. ಒದ್ದೆ ಸೀರೆಯನ್ನು ಹಿತ್ತಲಿಗೆ ಒಯ್ದು ಬಿಚ್ಚಿ, ಹಿಂಡದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ನಾನು ಹೋದದ್ದು ನೋಡಿ ಕಣ್ಣೊರೆಸಿಕೊಂಡು, "ನೀರು ಭಾಳ ತಣ್ಣಗ ಅದ ನೋಡೋ" ಎಂದಳು. ನಾಲ್ಕು ವರ್ಷ ಎಲ್ಲವನ್ನೂ ತಮಾಷೆ ಎಂದು ನೋಡಿಕೊಂಡು ಕೂತಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ವೃದ್ಧಿ ಕಳೆದ ಮೇಲೆ ಬಂದ ಆದಿತ್ಯವಾರ ನಾನು ಏಳುವುದರೊಳಗೆ ಅವ್ವ ಬುತ್ತಿ ಕಟ್ಟಿ ಮುಗಿಸಿದ್ದಳು. ಗಾಡಿ ಬಾಗಿಲಲ್ಲಿತ್ತು. ಅಪ್ಪ ಗಾಬರಿಯಿಂದ ಹೊರಗೆ ಬಂದರು.

"ಇವತ್ತು ಆದಿತ್ಯವಾರ. ಹೋಗ್ಲಿಕ್ಕೆ ಬರ್ತದ, ಆದ್ರ ತಿರುಗಿ..."

"ತಿರುಗಿ ಬಂದದ್ದು ಆಗೇದಲ್ಲರೀ" ಎಂದಳು ಅವ್ವ. "ಆ ಬುಧವಾರ ನನ್ನನ್ನ ತಂದು ಇದ ಕಟ್ಟೀ ಮ್ಯಾಲೆ ಕೂಡಿಸಿ ಹೋಗಲಿಲ್ಲೇನು? ನಾ ಬಂದಾಗೇದ. ಇನ್ನ ಹೋಗೂದೊಂದ ಉಳದದ."

ಅವ್ವ ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಅವರ ಶಾಲು ತಂದು ಗಂಟು ಕಟ್ಟಿದಳು. "ನಿಮಗ ಇವತ್ತು ಬರ್ಲಿಕ್ಕೆ ಆಗೂದಿಲ್ಲ, ನನಗ ಗೊತ್ತದ. ನಿಮ್ಮ ಗಂಟು ಒಯ್ತೀನಿ. ನೀವೂ ನೋಡಿ ಬಂದಂಗ ಆತು."

ಅಪ್ಪ ಸೀನಲಿಲ್ಲ. ಸೀನುವುದಕ್ಕೆ ನಶ್ಯದ ಡಬ್ಬಿ ಬೇಕಲ್ಲ, ಅದು ಅವ್ವನ ಸೊಂಟದಲ್ಲಿತ್ತು.

ಸೊಗಲದಲ್ಲಿ ಆ ವರ್ಷ ನೀರು ಚೆನ್ನಾಗಿತ್ತು. ಕಲ್ಲಿನ ಮೇಲಿಂದ ಬಿದ್ದು ತುಂತುರು ನಮ್ಮ ಮುಖದವರೆಗೆ ಬರುತ್ತಿತ್ತು. ಅವ್ವ ಕತ್ತೆತ್ತಿ, ಗುಡ್ಡದ ನೆತ್ತಿಯಿಂದ ತಳದವರೆಗೂ ನೀರನ್ನು ನೋಡಿದಳು. ಕಡೆಗೆ, "ನಾ ಅಲ್ಲಿ ಪಾತ್ರಿ ತಿಕ್ಕೊಂತ ಕೂತಾಗೆಲ್ಲಾ ಇದು ಇಲ್ಲಿ ಹಿಂಗಽ ಬೀಳ್ತಿತ್ತೇನೋ" ಎಂದು ಮಗುವಿನಂತೆ ಕೇಳಿದಳು. ಹೌದವ್ವಾ ಎಂದೆ. ಸೆರಗು ಬಿಗಿದು ನೀರಿನ ಕೆಳಗೆ ಹೋಗಿ ನಿಂತಳು. ಅಪ್ಪನ ಗಂಟನ್ನೂ ಪಕ್ಕದಲ್ಲಿ ಹಿಡಿದುಕೊಂಡಳು. ಇಬ್ಬರೂ ಮನಸಾರೆ ನೆಂದರು.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಬರಿಮೈಯಲ್ಲಿ ಕೂತಿದ್ದರು. ಗಾಳಿ ಬೀಸುತ್ತಿತ್ತು. ಇದ್ದದ್ದೊಂದೇ ಶಾಲು. ಅವ್ವ ಬೇಡ ಬೇಡವೆಂದರೂ ಸಿಟ್ಟಿನಲ್ಲಿ ಒದ್ದೆಯದನ್ನೇ ಕೊಡವಿ ಹೊದ್ದುಕೊಂಡರು. ಬೆಳಗಾಗುವುದರಲ್ಲಿ ಮೂಗು ಕಟ್ಟಿ, ಕಣ್ಣು ಕೆಂಪಾಗಿ, ಒಂದರ ಮೇಲೊಂದು ಸೀನು. ಈ ಸಲ ನಶ್ಯದ್ದಲ್ಲ.

"ಮನಿ ಬಿಟ್ಟು ಹೊರಗ ಕಾಲಿಟ್ಟಿಲ್ಲ ನಾನು, ಈ ನೆಗಡಿ ಎಲ್ಲಿಂದ ಬಂತು?" ಎಂದರು.

ಅವ್ವ ಶುಂಠಿಯ ಕಷಾಯ ತಂದು ಮುಂದಿಟ್ಟಳು. "ನೀರಾಗ ಅಷ್ಟೊತ್ತು ನಿಂದರಬ್ಯಾಡ್ರಿ ಅಂತ ಅಲ್ಲೇ ಹೇಳಿದ್ದೆ. ಕೇಳಿದ್ರೇನು ನೀವು?"