ಕಂಕಣ ಕಟ್ಟಿದ ಕಾಪಿ ಲೇತ್

ಕಟ್ಟಿಗೆ ಕೆಲಸದಲ್ಲಿ ನನ್ನನ್ನು ಮೀರಿಸುವವನು ಅಫಜಲಪುರದಲ್ಲಿ ಇನ್ನೂ ಹುಟ್ಟಿಲ್ಲ ಎಂದು ಹೇಳುತ್ತಿದ್ದವನು ನಾನೊಬ್ಬನೇ. ಈ ಸಲ ಊರಿಗೆಲ್ಲ ಅದನ್ನು ಒಪ್ಪಿಸಿಯೇ ತೀರುವುದೆಂದು ನಿರ್ಧರಿಸಿ, ನನ್ನ ಫರ್ನಿಚರ್ ಅಂಗಡಿಗೆ ಕಾಪಿ ಲೇತ್ ಎಂಬ ಕಟ್ಟಿಗೆ ಕಡೆಯುವ ಯಂತ್ರ ತರಿಸಿದೆ! ಮಾದರಿ ಕಂಬವನ್ನು ಒಂದು ಕಡೆ ಬಿಗಿದಿಟ್ಟರೆ ಸಾಕು. ಮೊನೆಯೊಂದು ಅದರ ಮೈ ಸವರುತ್ತಾ ಹೋಗುತ್ತದೆ. ಅದು ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು, ಪಕ್ಕದಲ್ಲಿ ಗಿರಗಿರ ತಿರುಗುವ ಕಟ್ಟಿಗೆಯನ್ನು ಉಳಿ ಹಾಗೆಯೇ ಕೆತ್ತುತ್ತದೆ.

ಮೊದಲ ಕೆಲಸ ಮನೆಯದೇ. ನನ್ನ ಹೆಂಡತಿ ಭುವನೇಶ್ವರಿಯ ತವರಿನ ತೊಟ್ಟಿಲಿಗೆ ಗೆದ್ದಲು ಹತ್ತಿ, ಹದಿನಾರು ಸಣ್ಣ ಕಂಬಗಳಲ್ಲಿ ಒಂದೇ ಉಳಿದಿತ್ತು. ಮೊಮ್ಮಗಳನ್ನು ಅದೇ ತೊಟ್ಟಿಲಿಗೆ ಹಾಕಬೇಕು, ಜೇವರ್ಗಿಯ ಬೀಗರೆದುರು ತವರಿನ ಮಾನ ಉಳಿಯಬೇಕು ಎಂಬುದು ಅವಳ ಹಟ.

"ನಿಮ್ಮ ಅಂಗಡ್ಯಾಗಿನ ಹುಸೇನಪೀರನ ಕೈಲೆ ಮಾಡಸ್ರಿ. ಅಂವ ಕಣ್ಣಳತಿ ಮ್ಯಾಗೇ ಛಂದ ಮಾಡ್ತಾನ."

"ಅಂವ ಮನಷ್ಯಾ, ತಪ್ತಾನ. ಮಷಿನ್ ತಪ್ಪಂಗಿಲ್ಲ!"

"ಆತು ಬಿಡ್ರಿ. ಪೂಜಿ ಮಾಡಿ ಕಂಕಣರೆ ಕಟ್ರಿ. ಕೆಲಸ ಮುಗಿಯೂತನಕ ಬಿಚ್ಚಬ್ಯಾಡ್ರಿ ಮತ್ತ!"

ವಿಭೂತಿ ಹಚ್ಚಿದೆ, ಕಾಯಿ ಒಡೆದೆ. ಕಂಕಣ ಎಲ್ಲಿ ಕಟ್ಟುವುದು? ಯಂತ್ರದಲ್ಲಿ ಮುಟ್ಟಿದ್ದೆಲ್ಲ ತಿರುಗುವಂಥದೇ! ಅಲುಗಾಡದೆ ನಿಂತದ್ದು ಮಾದರಿಗೆಂದು ಬಿಗಿದಿಟ್ಟ ಆ ಹಳೆಯ ಕಂಬ ಒಂದೇ. ಅದರ ನಡುವಿಗೇ ಅರಿಶಿಣ ಕೊಂಬಿನ ಕಂಕಣ ಬಿಗಿದು ಕೈ ಮುಗಿದೆ.

ಒಂದಾದ ಮೇಲೊಂದು ಕಂಬ ಹುಟ್ಟತೊಡಗಿದವು. ಪ್ರತಿಯೊಂದನ್ನೂ ಅದರ ಹಿಂದಿನದರ ಪಕ್ಕ ಹಿಡಿದು ನೋಡಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ!

"ಸಾವಕಾರ್ರ, ನಡುವ ಯಾಕೋ ದಪ್ಪ ಆಗ್ಯಾವಲ್ರಿ?" ಹುಸೇನಪೀರ ತಲೆ ಕೆರೆದುಕೊಂಡ.

"ಸುಮ್ನಿರಲೇ! ಎಲ್ಲಾ ಒಂದೇ ಥರಾ ಅವ ಅಂದ್ರ ತಪ್ಪ ಹ್ಯಾಂಗ ಆಗ್ತದ?"

ಪಾಪ, ಅವನು ಅಂಟಿನ ಡಬ್ಬಿ ತಂದಿಟ್ಟ. ಹದಿನೈದನ್ನೂ ಅಂಟು ಹಾಕಿ ತೊಟ್ಟಿಲಿಗೆ ಕೂಡಿಸಿ ಪಾಲಿಶ್ ಹೊಡೆದೆ.

ತೊಟ್ಟಿಲ ಕಾರ್ಯದ ದಿನ ಬೆಳಿಗ್ಗೆ ಕಂಕಣ ಬಿಚ್ಚಿ ಹಳೆಯ ಕಂಬವನ್ನೂ ಸಿಕ್ಕಿಸಿದೆ. ಶಿವಶಿವಾ! ಅದು ಬಳುಕುವ ನಡುವಿನ ಚೆಲುವೆ. ಸುತ್ತ ನಿಂತ ಹದಿನೈದಕ್ಕೂ ತುಂಬಿದ ಹೊಟ್ಟೆ! ಮೊನೆ ಅರಿಶಿಣ ಕೊಂಬನ್ನು ಭಕ್ತಿಯಿಂದ ಹತ್ತಿ ಇಳಿದಿತ್ತು. ಉಳಿ ಅಷ್ಟೇ ಭಕ್ತಿಯಿಂದ ಉಬ್ಬು ಕೆತ್ತಿತ್ತು.

"ನಮ್ಮವ್ವನ ತೊಟ್ಲಾ ರೀ ಇದು..." ಭುವನೇಶ್ವರಿಯ ಕಣ್ಣು ತುಂಬಿದವು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಕಿತ್ತು ಸರಿಮಾಡೋಣವೆಂದರೆ ಅಂಟು ಕಲ್ಲಾಗಿದೆ, ಬೀಗರ ಗಾಡಿ ಬಾಗಿಲಿಗೆ ಬಂದಿದೆ!

ಬೀಗತಿ ಕಸ್ತೂರಿಬಾಯಿ ಮಗುವಿಗಿಂತ ಮೊದಲು ತೊಟ್ಟಿಲನ್ನೇ ಸವರಿ ನೋಡಿದರು.

"ಇದೇನ್ರಿ, ಕಂಬಕ್ಕೆಲ್ಲಾ ಹೊಟ್ಟಿ ಬಂದದ?"

"ಅದು... ಹೊಸಾ ಡಿಸೈನ್ ರೀ..." ಎಂದು ತೊದಲಿದೆ.

ಭುವನೇಶ್ವರಿ ಕಣ್ಣೊರೆಸಿಕೊಂಡು ಸೆರಗು ಸಿಕ್ಕಿಸಿದಳು. "ತೊಟ್ಲಾ ನಮ್ಮ ತವರಮನಿದ್ರಿ, ಅದರಾಗ ಏನೂ ಐಬಿಲ್ಲ. ನಮ್ಮನಿಯವರು ಮಷಿನ್ ಮುಂದ ನಿಂತು ಮಾಡ್ಯಾರ. ಅದು ಎದುರಿಗಿದ್ದದ್ದು ನೋಡಿ ಕಾಪಿ ಹೊಡದದ!"

ನೆರೆದವರ ಕಣ್ಣೆಲ್ಲ ಕಂಬ ಬಿಟ್ಟು ನನ್ನ ಅಂಗಿಯ ಗುಂಡಿಗಳ ಮೇಲೆ ಬಂದು ನಿಂತವು. ನಾನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ. ಬೀಗತಿ ಒಮ್ಮೆ ಕಂಬವನ್ನೂ ಒಮ್ಮೆ ನನ್ನನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ತಲೆಯಾಡಿಸಿ ತೀರ್ಪು ಕೊಟ್ಟರು:

"ಹೌದ್ರೆವಾ, ಮಷಿನ್ ಭಾಳ ಛಲೋ ಅದ. ಅಳತಿ ಬರೋಬರಿ ಅದ!"