ಕಾಕಾನ ಚಕ್ಕಳಮಕ್ಕಳ

ನಮ್ಮ ಕಾಕಾ ಹೋದ ವರ್ಷವೆಲ್ಲ ಸಾಯುವುದಕ್ಕೆ ಪ್ರಾಕ್ಟೀಸ್ ಮಾಡಿದರು. ದಿನಾ ಬೆಳಿಗ್ಗೆ ಆರರಿಂದ ಆರೂವರೆ, ತಪ್ಪದೆ!

ಗಾಬರಿಯಾಗಬೇಡಿ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಚಕ್ಕಳಮಕ್ಕಳ ಕೂರಿಸಿಯೇ ಮಣ್ಣು ಮಾಡುವುದು. ಕಾಕಾನ ಮೊಣಕಾಲುಗಳೋ, ಆಟೋ ನಗರದಲ್ಲಿ ಮೂವತ್ತೈದು ವರ್ಷ ಲೇಥ್ ಯಂತ್ರದ ಮುಂದೆ ನಿಂತು ನಿಂತು ಮಡಚುವುದನ್ನೇ ಮರೆತಿದ್ದವು. ಅವರ ಹೆಂಡತಿ, ಅಂದರೆ ನಮ್ಮ ಕಾಕು, ತೀರಿಕೊಂಡ ಮೇಲೆ ಇದೇ ಒಂದು ಚಿಂತೆ ಹತ್ತಿತು.

"ನನ್ನ ಹೆಂಗ ಕುಂದರಸ್ತೀರಿ? ಜೋರ್ ಮಾಡಿ ಮಡಚಿದ್ರ ಲಟಕ್ ಅಂತೈತಿ."

"ಅವಾಗ ನಿಮಗ ಗೊತ್ತಾಗೂದಿಲ್ಲ ಬಿಡ್ರಿ," ಎಂದೆ.

"ನೋಡಾವರಿಗೆ ಗೊತ್ತಾಗತೈತಿ," ಎಂದರು. ಕೆಲಸದಲ್ಲಿ ಕೂದಲೆಳೆಯಷ್ಟೂ ಅಳತೆ ತಪ್ಪದ ಮನುಷ್ಯ, ಇದರಲ್ಲಿ ಬಿಟ್ಟಾರೆಯೇ?

ನೆಹರು ನಗರದ ಫಿಜಿಯೋಥೆರಪಿ ಡಾಕ್ಟರಮ್ಮ ಕೇಳಿದರು: "ಅಜ್ಜಾರ, ಕಾಲು ಮಡಚಾಕ ಬಂದಮ್ಯಾಲ ಏನ್ ಮಾಡಬೇಕಂತೀರಿ?"

"ಸಾಯಬೇಕಂತೀನ್ರಿ."

ಆಕೆಯ ಪೆನ್ನು ನಿಂತಿತು. ನಾನು ಹೊರಗೆ ಹೋಗಿ ನಕ್ಕು ಬಂದೆ.

ಆಮೇಲೆ ಎಣ್ಣೆ, ಬಿಸಿನೀರಿನ ಚೀಲ, ತುಕ್ಕು ಹಿಡಿದ ಬೋಲ್ಟು ಬಿಚ್ಚುವವರ ತಾಳ್ಮೆ. ಮೊಣಕಾಲು ನೆಲದಿಂದ ಎಷ್ಟು ಮೇಲಿದೆ ಎಂದು ಗೋಡೆಯ ಮೇಲೆ ಪೆನ್ಸಿಲ್ ಗೆರೆ. ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಆ ಗೆರೆಗಳ ದರ್ಶನ. ಹತ್ತನೇ ತಿಂಗಳು ಮೊಣಕಾಲು ನೆಲ ಮುಟ್ಟಿದಾಗ ಓಣಿಗೆಲ್ಲ ಕುಂದಾ ಹಂಚಿದರು! ಸಾಯಲು ತಯಾರಾದೆ ಎಂದು ಸಿಹಿ ಹಂಚಿದವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಆ ಭಾನುವಾರ "ಖಾನಾಪುರಕ್ಕ ಹೋಗೂಣು ನಡಿ" ಎಂದರು. ಅಲ್ಲಿ ನಮ್ಮ ಹೊಲದಲ್ಲೇ ಕಾಕುವಿನ ಸಮಾಧಿ. ಕಾಕಾ ಅದರ ಮುಂದೆ ಕೈಯೂರಿ ನಿಧಾನಕ್ಕೆ ಕೂತು, ಚಕ್ಕಳಮಕ್ಕಳ ಹಾಕಿ, ಬುತ್ತಿ ಬಿಚ್ಚಿದರು.

"ಆಕಿ ಹೋದ ದಿನ ಆಕೀನ್ನ ಪಡಸಾಲ್ಯಾಗ ಕುಂದರಿಸಿದಾಗ ಎಲ್ಲಾರೂ ಬಾಜೂಕ ಕೆಳಗ ಕುಂತಿದ್ರು. ನಾ ಒಬ್ಬಾಂವ ಕುರ್ಚಿ ಮ್ಯಾಲ. ಆಕಿ ಮಾರಿ ಸಮಾ ನನ್ನ ಮಾರಿ ಬರಲಿಲ್ಲ ನೋಡು."

ಇಷ್ಟು ದಿನ ಆಡಿಕೊಂಡಿದ್ದಕ್ಕೆ ನಾಚಿಕೆಯಾಯಿತು. ನನ್ನನ್ನು ಜೊತೆಗೆ ಕರೆದುಕೊಂಡು ಬಂದರಲ್ಲ ಎಂದು ಮನಸ್ಸು ತುಂಬಿಯೂ ಬಂತು. ಕಾಕಾ ಒಂದು ರೊಟ್ಟಿ ಸಮಾಧಿಯ ಮೇಲಿಟ್ಟರು, ಒಂದು ನನಗೆ ಕೊಟ್ಟರು, ಒಂದು ತಾವು ಮುರಿದರು. ಮೂವರೂ ಉಂಡೆವು.

ಊಟ ಮುಗಿಯಿತು. ಕಾಕಾ ಏಳಲಿಲ್ಲ. ಮನೆಯಲ್ಲಿ ಕಿಟಕಿ ಸರಳು ಹಿಡಿದು ಏಳುತ್ತಿದ್ದರು. ಹೊಲದಲ್ಲಿ ಕಿಟಕಿ ಎಲ್ಲಿ?

"ಕೈ ಕೊಡೋ," ಎಂದರು. "ಏಳೂದು ನಾ ಪ್ರಾಕ್ಟೀಸ್ ಮಾಡೇ ಇಲ್ಲ. ಅದು ಬೇಕಾಗತೈತಿ ಅಂತ ಅನಿಸಿರಲಿಲ್ಲ."

ಈಗ ದಿನಾ ಬೆಳಿಗ್ಗೆ ಆರರಿಂದ ಆರೂವರೆ ಏಳುವ ಪ್ರಾಕ್ಟೀಸ್ ನಡೆದಿದೆ. ಭಾನುವಾರ ರಜೆ, ಅಂದು ಖಾನಾಪುರದಲ್ಲಿ ಊಟವಿರುತ್ತದೆ.